ಕುದುರೆ ಕೊಳ್ಳುವ ಮುಂಚೆ ಒಂದು ನವೆಂಬರ್

ಪ್ರೀತಿಯ ಪುಟ್ಟಿ,

ಕೊಳ್ಳಬೇಕು ಅಂತ ನೀನು ಕಳಿಸಿದ ಕುದುರೆಯ ಫೋಟೋ ನೋಡಿದೆ. ಮುದ್ದಾಗಿದೆ, ಇಲ್ಲ ಅನ್ನುವುದಿಲ್ಲ. ಅರ್ಧಚಂದ್ರದ ಹಾಗೆ ಕತ್ತರಿಸಿದ ಜೂಲು, ಎರಡು ಪಕ್ಕ ಬಿಳಿ, ನಡುವೆ ಕಪ್ಪು ಗೆರೆ, ಕಾಡಿಗೆ ತೀಡಿದಂಥ ಕಣ್ಣು. ಫ್ಯೋರ್ಡ್ ಅನ್ನುವ ಈ ನಾರ್ವೆ ಜಾತಿಯ ಕುದುರೆಯ ಫೋಟೋ ನೋಡಿ ಬೇಡ ಅಂದವರನ್ನು ನಾರ್ವೆಗೆ ಬಂದ ಈ 28 ವರ್ಷದಲ್ಲಿ ನಾನು ಕಂಡಿಲ್ಲ. ಅದಕ್ಕೇ ಫೋನ್ ಮಾಡದೆ ಪತ್ರ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ "ಹೂಂ ಅತ್ತೆ, ಹೂಂ ಅತ್ತೆ" ಅಂದು, ಶನಿವಾರ ಹೋಗಿ ಮುಂಗಡ ಕೊಟ್ಟು ಬರುತ್ತೀಯ. ನಿಮ್ಮಪ್ಪನ ಮಗಳಲ್ವಾ ನೀನು.

ಮೊದಲೇ ಹೇಳಿಬಿಡುತ್ತೇನೆ. ಈ ಬೇಸಿಗೆಯಲ್ಲಿ ಕುದುರೆ ಕೊಳ್ಳಬೇಡ. ಹಾಲ್‌ಫೋರ್ ತಗೋ. ಅಂದರೆ ಬೇರೆಯವರ ಕುದುರೆಯನ್ನು ವಾರಕ್ಕೆ ಎರಡು ಮೂರು ದಿನ ನೀನು ನೋಡಿಕೊಂಡು, ಸವಾರಿ ಮಾಡಿ, ಖರ್ಚಿನಲ್ಲಿ ಪಾಲು ಕೊಡುವುದು. ಬರ್ಗನ್ ಸುತ್ತಮುತ್ತಲ ಲಾಯಗಳಲ್ಲಿ ವಿಚಾರಿಸು. ಒಂದು ನವೆಂಬರ್ ಹಾಗೆ ಕಳೆ. ಸಂಜೆ ನಾಲ್ಕಕ್ಕೇ ಕತ್ತಲು, ಎರಚಲು ಮಳೆ, ಕಾಲು ಹೂತುಹೋಗುವ ಕೆಸರು. ಅದರಲ್ಲಿ ಹೊರಳಾಡಿ ಎದ್ದ 450 ಕಿಲೋ ಪ್ರಾಣಿಯನ್ನು ಹಣೆಗೆ ಟಾರ್ಚ್ ಕಟ್ಟಿಕೊಂಡು ತಿಕ್ಕಬೇಕು. ತಿಕ್ಕಿದ ಮೇಲೂ ನಾಳೆ ಮತ್ತೆ ಹೋಗಬೇಕು ಅನ್ನಿಸಿದರೆ, ಆಗ ಕೊಳ್ಳುವ ಮಾತು. ಕುದುರೆ ಕಂಡರೆ ಕಾಲುನೋವು ಅಂತಾರಲ್ಲ, ಇಲ್ಲಿ ಕುದುರೆ ಮನೆಗೆ ಬಂದ ಮೇಲೆ ಕಾಲುನೋವು ಶುರು.

ನಾನು ಎಡವಿದ್ದೇ ಇಲ್ಲಿ. ಮೊದಲನೆಯ ಕುದುರೆ ಕೊಂಡಿದ್ದು ಮೇ ತಿಂಗಳಲ್ಲಿ. ಸೇಬಿನ ಮರಗಳೆಲ್ಲ ಹೂ ಬಿಟ್ಟಿದ್ದವು, ಅದು ಹಸಿರು ಹುಲ್ಲಿನಲ್ಲಿ ನಿಂತಿತ್ತು, ನಾನು ಸೋತೆ. ಮೈ ಗುಂಡುಗುಂಡಗಿದ್ದದ್ದನ್ನು ಆರೋಗ್ಯ ಅಂದುಕೊಂಡೆ. ಕತ್ತಿನ ಮೇಲೆ, ಜೂಲಿನ ಬುಡದಲ್ಲಿ ಗಟ್ಟಿಯಾದ ಕೊಬ್ಬಿನ ದಿಂಡು ಇತ್ತು. ಅದನ್ನೂ ತಟ್ಟಿ "ಎಂಥ ಬಲ!" ಅಂದೆ. ಪೆದ್ದಿ.

ಮಾರನೇ ವರ್ಷ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಹೋದರೆ ಅದು ಮುಂಗಾಲು ಮುಂದೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದೆ. ಹೆಜ್ಜೆ ಎತ್ತುವುದಿಲ್ಲ. ಗೊರಸು ಮುಟ್ಟಿದೆ, ಬಿಸಿ. ಗೊರಸಿನ ಮೇಲುಗಡೆ ಬೆರಳಿಟ್ಟರೆ ನಾಡಿ ದಬದಬ ಅಂತಿತ್ತು. ಹೀಗಾದ ಕುದುರೆಯನ್ನು ಇಲ್ಲಿಯವರು ಫೋರ್‌ಫಾಂಗನ್ ಅನ್ನುತ್ತಾರೆ. ಗೊರಸಿನೊಳಗಿನ ಪದರಕ್ಕೆ ಉರಿಯೂತ. ಜಾಸ್ತಿಯಾದರೆ ಒಳಗಿನ ಮೂಳೆಯೇ ಜಾಗ ಬಿಟ್ಟು ತಿರುಗುತ್ತದೆ. ಕಾರಣ? ಎಳೆ ಹುಲ್ಲು. ರಾತ್ರಿ ಹೆಪ್ಪುಗಟ್ಟುವ ಚಳಿ ಬಿದ್ದು ಹಗಲು ಬಿಸಿಲು ಕಾದ ದಿನ ಹುಲ್ಲಿನಲ್ಲಿ ಸಕ್ಕರೆ ತುಂಬಿಕೊಂಡಿರುತ್ತದೆ. ಫ್ಯೋರ್ಡ್ ಬಡ ನೆಲದಲ್ಲಿ, ಕಡಿದಾದ ಬೆಟ್ಟದ ಹೊಲಗಳಲ್ಲಿ ದುಡಿದು ಬೆಳೆದ ಜಾತಿ. ಸಿಕ್ಕಿದ ಒಂದು ಎಸಳೂ ವ್ಯರ್ಥವಾಗದ ಮೈ. ಗೇಯುವುದು ನಿಂತಿದೆ, ಹಸಿವು ನಿಂತಿಲ್ಲ. ಐದು ತಿಂಗಳು ಆರೈಕೆ ಮಾಡಿದೆ. ಬದುಕಿತು, ಆದರೆ ಆಮೇಲೆ ಅದರ ಮೇಲೆ ಕೂತು ಬೆಟ್ಟ ಹತ್ತಲಿಲ್ಲ.

ಹಾಗಾಗಿ ನೀನು ಕೊಳ್ಳುತ್ತಿರುವುದು ಒಂದು ಬಾಯಿಯನ್ನು. ಅದು ಇಪ್ಪತ್ತೈದು ವರ್ಷ, ಕೆಲವೊಮ್ಮೆ ಮೂವತ್ತು ವರ್ಷ ಬದುಕುವ ಬಾಯಿ. ಒಣಹುಲ್ಲನ್ನು ತಕ್ಕಡಿಯಲ್ಲಿ ತೂಗಿ ಹಾಕಬೇಕು. ಹುಲ್ಲುಗಾವಲಿಗೆ ಬಿಟ್ಟರೆ ಬಾಯಿಗೆ ಬುಟ್ಟಿ. ನಮ್ಮೂರ ಕಣದಲ್ಲಿ ರಾಗಿ ತುಳಿಸುವಾಗ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದರಲ್ಲ, ಅದೇ. ಇಲ್ಲಿಯದು ಪ್ಲಾಸ್ಟಿಕ್ಕಿನದು, ಬೆಲೆ ನೋಡಿದರೆ ಬೆಳ್ಳಿಯದು ಅನ್ನಿಸುತ್ತದೆ.

ಮಾರುವವರು ಹೇಳಿದ್ದಾರೆ ಅಂತ ಎರಡು ಮಾತು ಬರೆದಿದ್ದೀಯ. ಒಂದು, "ಒಳ್ಳೆಯ ವಂಶ, ನ್ಯೋಲ್ ಸಂತತಿ." ಪುಟ್ಟಿ, ನ್ಯೋಲ್ ಅನ್ನುವುದು 1891ರಲ್ಲಿ ಹುಟ್ಟಿದ ಗಂಡು. ಈಗಿನ ಫ್ಯೋರ್ಡ್ ಕುದುರೆಗಳೆಲ್ಲ ಅದರ ಸಂತತಿಯೇ. ಎರಡು, "ಬೂದು ಬಣ್ಣ, ಅಪರೂಪದ್ದು, ಅದಕ್ಕೇ ಬೆಲೆ." ಹತ್ತರಲ್ಲಿ ಒಂಬತ್ತು ಬ್ರೂನ್‌ಬ್ಲಾಕ್, ಅಂದರೆ ಕಂದು ಹಳದಿ. ಹಾಗಾಗಿ ಬೂದು ಕಮ್ಮಿ, ನಿಜ. ಆದರೆ ಬಣ್ಣದ ಮೇಲೆ ಜೀನು ಹಾಕೋಕಾಗಲ್ಲ. ಸುಮ್ನೆ ಬಣ್ಣಕ್ಕೆ ಕೊಡುವ ದುಡ್ಡನ್ನು ಕುದುರೆ ಡಾಕ್ಟರಿಗೆ ಕೊಡು.

ನಿನ್ನ ತಾತ ಘಾಟಿ ಜಾತ್ರೆಗೆ ಎತ್ತು ಕೊಳ್ಳಲು ಹೋದಾಗ ಒಂದೆರಡು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹಲ್ಲು ನೋಡುವರು, ಸುಳಿ ನೋಡುವರು, ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಆದರೆ ಅದಕ್ಕೂ ಮುಂಚೆ ಒಂದು ಗಂಟೆ ದೂರದಲ್ಲಿ ಕೂತು ಬೀಡಿ ಸೇದುತ್ತಾ ಸುಮ್ಮನೆ ನೋಡುವರು. ಎತ್ತು ನೀರಿಗೆ ಹೇಗೆ ಹೋಗುತ್ತದೆ, ಪಕ್ಕದ ಎತ್ತು ಗುಮ್ಮಿದರೆ ಏನು ಮಾಡುತ್ತದೆ, ಮಕ್ಕಳು ಓಡಿ ಬಂದರೆ ಕಿವಿ ಎತ್ತ ಹೋಗುತ್ತದೆ. ನೀನೂ ಹಾಗೆ ಮಾಡು. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಹೋಗು. ಕುದುರೆಗೆ ಆಗಲೇ ಜೀನು ಕಟ್ಟಿ, ಮೈ ಬೆವರಿಸಿ ಇಟ್ಟಿದ್ದರೆ ಯಾಕೆ ಅಂತ ಕೇಳು. ಬಯಲಿನಲ್ಲಿ ಇರುವಾಗಲೇ ಹಿಡಿದು ತರಲು ಹೇಳು. ಮೊದಲು ಅವರೇ ಹತ್ತಲಿ. ಆಮೇಲೆ ನೀನು. ಕೊನೆಗೆ ಜೊತೆಯ ಕುದುರೆಗಳನ್ನು ಬಿಟ್ಟು ಒಂದನ್ನೇ ರಸ್ತೆಗೆ ಕರೆದುಕೊಂಡು ಹೋಗು. ಬೆಟ್ಟದ ದಾರಿಯಲ್ಲಿ ಒಬ್ಬಳೇ ಹೋಗಬೇಕು ಅನ್ನುವುದು ತಾನೇ ನಿನ್ನ ಆಸೆ? ಹಾಗಾದರೆ ಅದೇ ಪರೀಕ್ಷೆ.

"ಫ್ಯೋರ್ಡ್ ಅಂದರೆ ಸಾಧು" ಅಂತ ಎಲ್ಲರೂ ಹೇಳುತ್ತಾರೆ. ಸಾಧುವೇ. ಆದರೆ ಸಾಧು ಬೇರೆ, ಮಾತು ಕೇಳುವುದು ಬೇರೆ. ಹೆದರಿ ಓಡುವ ಕುದುರೆಗಳೂ ಇವೆ, ನಿಂತು ಯೋಚಿಸುವ ಕುದುರೆಗಳೂ ಇವೆ. ಇದು ಎರಡನೆಯ ಥರ. ಯೋಚಿಸಿ, ಆ ಕಡೆ ಹುಲ್ಲು ಚೆನ್ನಾಗಿದೆ ಅನ್ನಿಸಿದರೆ, ಆ ದಪ್ಪ ಕತ್ತು ಬಗ್ಗಿಸಿ ಹೊರಟೇಬಿಡುತ್ತದೆ. ಲಗಾಮು ಹಿಡಿದ ನೀನು ಹಿಂದೆ. ಇದರಲ್ಲಿ ಸಿಟ್ಟೂ ಇಲ್ಲ, ದ್ವೇಷವೂ ಇಲ್ಲ. ಎಳೆಯ ಕುದುರೆಗೆ ಈ ಚಾಳಿ ಅಂಟಿದರೆ ನಿನ್ನಂಥ ಹೊಸ ಸವಾರಳಿಂದ ಬಿಡಿಸಲು ಆಗುವುದಿಲ್ಲ. ನಾಲ್ಕು ವರ್ಷದ್ದು ಅಗ್ಗಕ್ಕೆ ಸಿಗುತ್ತದೆ, ಜೊತೆಗೇ ಕಲಿಯೋಣ ಅಂದುಕೊಳ್ಳಬೇಡ. ಎಂಟರಿಂದ ಹದಿನಾಲ್ಕರೊಳಗಿನದು ನೋಡು. ಮಕ್ಕಳನ್ನು ಹೊತ್ತ, ಗಾಡಿ ಎಳೆದ, ಟ್ರಾಕ್ಟರು ಕಂಡ ಕುದುರೆ.

ಅಳಿಯಂದಿರೂ ಹತ್ತುತ್ತಾರಂತೆ. ಫ್ಯೋರ್ಡ್ 135ರಿಂದ 150 ಸೆಂಟಿಮೀಟರ್ ಎತ್ತರ, 400ರಿಂದ 500 ಕಿಲೋ ತೂಕ. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ನೂರಕ್ಕೆ ಹದಿನೈದರಿಂದ ಇಪ್ಪತ್ತು ಭಾಗ ದಾಟಬಾರದು ಅನ್ನುವುದು ರೂಢಿಯ ಲೆಕ್ಕ. 450 ಕಿಲೋದ ಕುದುರೆಗೆ ಹೆಚ್ಚೆಂದರೆ 90. ಮಿಕ್ಕಿದ್ದು ನೀನೇ ಹೇಳು, ನಾನು ಹೇಳಿದರೆ ಬೇಜಾರು ಮಾಡಿಕೊಂಡಾರು.

ಜೀನಿನ ಖರ್ಚನ್ನು ಬೇರೆಯೇ ಇಟ್ಟುಕೋ. ಇದರ ಬೆನ್ನು ಅಗಲ, ಗುಂಡಗೆ. ಮಾಮೂಲಿ ಜೀನು ಪಕ್ಕಕ್ಕೆ ಜಾರುತ್ತದೆ, ಇಳಿಜಾರಿನಲ್ಲಿ ಕತ್ತಿನ ಕಡೆಗೆ ಬರುತ್ತದೆ. ಜೀನಿನ ಸಮೇತ ಕುದುರೆ ನನ್ನ ಕೈಗೆ ಬಂದಿತ್ತು. ಮೂರನೇ ದಿನ ನಾನು ಅದರ ಹೊಟ್ಟೆಯ ಕೆಳಗಿದ್ದೆ. ಪುಣ್ಯಕ್ಕೆ ಅದು ಮೇಯುತ್ತಾ ನಿಂತಿತ್ತು.

ಡಾಕ್ಟರ್ ವಿಷಯದಲ್ಲಿ ಮಾತ್ರ ಸಂಕೋಚ ಬೇಡ. ಮಾರುವವರ ಮಾಮೂಲಿ ಡಾಕ್ಟರ್ ಬೇಡ, ನೀನೇ ಬೇರೆಯವರನ್ನು ಕರೆಸು. ಕಾಲು ಮಡಿಸಿ ಹಿಡಿದು ಬಿಟ್ಟು ಓಡಿಸಿ ನೋಡುತ್ತಾರೆ, ಕುಂಟು ಇದ್ದರೆ ಗೊತ್ತಾಗುತ್ತದೆ. ಗೊರಸಿನ ಎಕ್ಸ್‌ರೇ ಕೇಳು. ರಕ್ತ ತೆಗೆದಿಡಲು ಹೇಳು, ನೋವಿನ ಮಾತ್ರೆ ಕೊಟ್ಟಿದ್ದರೆ ಆಮೇಲಾದರೂ ಸಿಕ್ಕಿಬೀಳುತ್ತದೆ. ವಯಸ್ಸು ತಿಳಿಯಲು ಹಲ್ಲು ಎಣಿಸುವ ಕೆಲಸ ನಿನಗಿಲ್ಲ, ಇಲ್ಲಿ ಕುದುರೆಗೂ ಪಾಸ್‌ಪೋರ್ಟ್ ಇದೆ. ಆದರೆ ಅದರಲ್ಲಿರುವ ನಂಬರೂ ಕುತ್ತಿಗೆಯೊಳಗೆ ಇಟ್ಟಿರುವ ಚಿಪ್ ನಂಬರೂ ಒಂದೇನಾ ಅಂತ ನೋಡು.

ಇನ್ನೊಂದು. ಒಂಟಿ ಕುದುರೆಯನ್ನು ಮನೆ ಹಿಂದೆ ಕಟ್ಟುವ ಯೋಚನೆ ಬಿಡು. ಅದಕ್ಕೆ ಜೊತೆ ಬೇಕು. ದಿನಕ್ಕೆ ಎರಡು ಗಂಟೆಯಾದರೂ ಬಿಡುಬೀಸಾಗಿ ಓಡಾಡಲು ಬಿಡಬೇಕು ಅಂತ ಇಲ್ಲಿ ನಿಯಮವೇ ಇದೆ. ಮತ್ತೆ ಗ್ರೀನ್ ಕಾರ್ಡ್ ಕೋರ್ಸ್ ಮಾಡಿಕೋ. ಅಮೆರಿಕದ್ದಲ್ಲ, ಕುದುರೆ ಸವಾರರದ್ದು. ನಿಮ್ಮಪ್ಪನಿಗೆ ಹೇಳುವಾಗ ಬಿಡಿಸಿ ಹೇಳು, ಇಲ್ಲದಿದ್ದರೆ ಊರಿಗೆಲ್ಲ ಹಬ್ಬಿಸುತ್ತಾನೆ.

ನಿನಗೆ ಕುದುರೆ ನೋಡುವ ಆಸೆ ಅಷ್ಟಿದ್ದರೆ ಮುಂದಿನ ಮೇ ತಿಂಗಳಲ್ಲಿ ನೂರ್‌ಫ್ಯೋರ್ಡ್‌ಐಡ್‌ಗೆ ಹೋಗೋಣ. ಫ್ಯೋರ್ಡ್ ಕುದುರೆಗಳ ಕೇಂದ್ರ ಅಲ್ಲೇ ಇದೆ. ಗಂಡು ಕುದುರೆಗಳ ಪ್ರದರ್ಶನ ಇರುತ್ತದೆ. ಕಣ್ಣು ತುಂಬ ನೋಡು, ಕೊಳ್ಳಬೇಡ.

ಈ ಬೂದು ಕುದುರೆಯನ್ನು ನೋಡಲೇಬೇಕು ಅಂದರೆ ಶನಿವಾರ ನಾನೂ ಬರುತ್ತೇನೆ. ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಬೂಟು ತರುತ್ತೇನೆ, ಚಿತ್ರಾನ್ನ ಕಟ್ಟಿಕೊಂಡು ಬರುತ್ತೇನೆ. ಪರ್ಸು ಮನೆಯಲ್ಲಿ ಬಿಟ್ಟು ಬಾ ಅನ್ನೋಣವೆಂದರೆ ನೀವೆಲ್ಲ ಫೋನಿನಲ್ಲೇ ದುಡ್ಡು ಕಳಿಸುವವರು. ಲಾಯದ ಗೇಟು ದಾಟುವ ಮುಂಚೆ ಆ ಫೋನ್ ನನ್ನ ಕೈಗೆ ಕೊಡು.

ನಿನ್ನ ಅತ್ತೆ