ಚಂದ್ರತಾಲ್‌ಗೆ ಹೊರಟವರಲ್ಲಿ ಮನವಿ

ಮಾನ್ಯರೇ,

ಬೇಸಿಗೆ ಬಂತೆಂದರೆ ನಮ್ಮ ಬೆಂಗಳೂರಿನ ಬೈಕ್ ಸವಾರರು ಹಿಮಾಚಲದ ಸ್ಪಿತಿ ಕಡೆ ಹೊರಡುತ್ತಾರೆ. ಅಲ್ಲಿ ಕುಂಜುಮ್ ಪಾಸ್ ಹತ್ತಿರ 4,000 ಮೀಟರ್‌ಗೂ ಜಾಸ್ತಿ ಎತ್ತರದಲ್ಲಿರುವ ಸಿಹಿನೀರಿನ ಸರೋವರ ಚಂದ್ರತಾಲ್. 2005ರಲ್ಲೇ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಸುತ್ತ ಬೋಳು ಗುಡ್ಡಗಳು. ದಡದ ಹುಲ್ಲೇ ಅಲ್ಲಿನ ಕುರಿಗಾಹಿಗಳಿಗೆ ಆಧಾರ. ವರ್ಷದ ಹೆಚ್ಚಿನ ತಿಂಗಳು ಹಿಮ, ಹುಲ್ಲು ಬೆಳೆಯಲು ಸಿಗುವುದು ಸ್ವಲ್ಪ ಕಾಲ ಮಾತ್ರ. ಅದರ ಮೇಲೆ ಚಕ್ರ ಹರಿಸಿದರೆ ಮತ್ತೆ ಚಿಗುರುವುದು ಸುಲಭವಲ್ಲ, ಅಲ್ವಾ? ಗಾಡಿ ನಿಲ್ಲಿಸಿ, ದಯವಿಟ್ಟು ನಡೆದೇ ಹೋಗಿ. ಟೆಂಟ್ ದೂರವೇ ಇರಲಿ. 2023ರ ಜುಲೈನಲ್ಲಿ ಹಿಮ ಬಿದ್ದು ನೂರಾರು ಪ್ರವಾಸಿಗರು ಅಲ್ಲಿ ಸಿಕ್ಕಿಬಿದ್ದಿದ್ದರು. ಹವಾಮಾನ ವರದಿ ನೋಡದೆ ಸುಮ್ನೆ ಹೊರಡಬೇಡಿ. ಖಾಲಿ ಬಾಟಲಿಗಳನ್ನು ವಾಪಸ್ ತನ್ನಿ.

– ಒಬ್ಬ ಓದುಗ, ಬೆಂಗಳೂರು