ತಣ್ಣಗೆ ತಿನ್ನುವ ಕೋಳಿ ಅನ್ನ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅಕ್ಕ,

ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ನಿನ್ನ ಕುಕ್ಕರ್ ಕೂಗುತ್ತದೆ, ಇಲ್ಲಾ ಮಕ್ಕಳು ಫೋನ್ ಕಿತ್ತುಕೊಳ್ಳುತ್ತಾರೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಬೆಂಗಳೂರಿನ ಬಿಸಿಲಿಗೆ ರಾತ್ರಿ ಒಲೆ ಮುಂದೆ ನಿಲ್ಲುವುದೇ ಬೇಡ ಎನಿಸುತ್ತದೆ ಎಂದೆಯಲ್ಲ, ಈ ಕೋಳಿ ಅನ್ನವನ್ನು ಬೆಳಿಗ್ಗೆಯೇ ಮಾಡಿ ಫ್ರಿಜ್‌ನಲ್ಲಿ ಇಟ್ಟುಬಿಡಬಹುದು.

ತಣ್ಣನೆ ಕೋಳಿ ಯಾರು ತಿನ್ನುತ್ತಾರೆ ಎಂದು ಅಮ್ಮ ಮುಖ ಸಿಂಡರಿಸುತ್ತಾರೆ, ಗೊತ್ತು. ಇಲ್ಲಿ ರಾಣಿಯ ಪಟ್ಟಾಭಿಷೇಕದ ಅತಿಥಿಗಳಿಗೇ ಬಡಿಸಿದ್ದಾರೆ ಅಂತ ಹೇಳು! 1953ರಲ್ಲಿ ಎರಡನೇ ಎಲಿಜಬೆತ್ ಪಟ್ಟಾಭಿಷೇಕಕ್ಕೆಂದು ಲಂಡನ್ನಿನ ಒಂದು ಅಡುಗೆ ಶಾಲೆಯವರು ಕಾರೊನೇಷನ್ ಚಿಕನ್ ಮಾಡಿದ್ದರು. ತಣ್ಣನೆ ಕೋಳಿಗೆ ಕರಿ ಪೌಡರ್ (ಇಲ್ಲಿಯವರ ಮಸಾಲೆ ಪುಡಿ) ಹಾಕಿದ ಮಯೊನೇಸ್, ಜೊತೆಗೆ ಬಟಾಣಿ ಬೆರೆಸಿದ ಅನ್ನದ ಸಾಲಡ್. ಆ ಕರಿ ಪೌಡರ್ ಅಮ್ಮನ ಸಾರಿನ ಪುಡಿ ಮುಂದೆ ಏನೂ ಅಲ್ಲ, ಬಿಡು. ನಾನು ಮಯೊನೇಸ್ ಹಾಕುವುದಿಲ್ಲ, ನಿಂಬೆಹಣ್ಣೇ ಸಾಕು.

ಬೋನ್‌ಲೆಸ್ ಚಿಕನ್ನಿಗೆ ಉಪ್ಪು, ಮೆಣಸು, ಜಜ್ಜಿದ ಶುಂಠಿ ಹಾಕಿ, ಮುಳುಗುವಷ್ಟು ನೀರಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸು. ಕುದಿಸಿ ಕುದಿಸಿ ರಬ್ಬರ್ ಮಾಡಬೇಡ. ದಪ್ಪ ಇರುವ ಕಡೆ ಕತ್ತರಿಸಿ ನೋಡಿದರೆ ಒಳಗೆ ಗುಲಾಬಿ ಬಣ್ಣ ಇರಬಾರದು, ಇಲ್ಲಿಯವರು ಥರ್ಮಾಮೀಟರ್ ಚುಚ್ಚಿ 75 ಡಿಗ್ರಿ ಬಂತಾ ಅಂತ ನೋಡುತ್ತಾರೆ. ಹಸಿ ಕೋಳಿಯನ್ನು ನಲ್ಲಿ ಕೆಳಗೆ ತೊಳೆಯಬೇಡಿ ಅಂತಲೂ ಇಲ್ಲಿ ಹೇಳುತ್ತಾರೆ, ಕ್ರಿಮಿ ಸಿಂಕಿನ ಸುತ್ತ ಎಲ್ಲಾ ಸಿಡಿಯುತ್ತದಂತೆ. ಅಮ್ಮನ ಮುಂದೆ ಮಾತ್ರ ಈ ಮಾತು ಎತ್ತಬೇಡ. ಬೆಂದ ನೀರನ್ನು ಚೆಲ್ಲದೆ ಅದರಲ್ಲೇ ಅನ್ನ ಮಾಡು.

ಇದರಲ್ಲಿ ಹುಷಾರಾಗಿ ಇರಬೇಕಾದ್ದು ಅನ್ನದ ವಿಷಯದಲ್ಲೇ. ಚಿತ್ರಾನ್ನಕ್ಕೆ ಮಾಡುವ ಹಾಗೆ ಉದುರುದುರಾಗಿ ಮಾಡಿ, ಅಗಲವಾದ ತಟ್ಟೆಗೆ ಹರಡಿ, ಫ್ಯಾನ್ ಹಾಕಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸು. ಬ್ಯಾಸಿಲಸ್ ಸಿರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಅದರ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ, ಪಾತ್ರೆಯಲ್ಲಿ ಬೆಚ್ಚಗೆ ಬಿಟ್ಟರೆ ಬೆಳೆದು ವಿಷ ಮಾಡುತ್ತವೆ, ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ನಮ್ಮಲ್ಲಿ ರಾತ್ರಿ ಅನ್ನ ಹಾಗೇ ಕಟ್ಟೆ ಮೇಲೆ ಇರುತ್ತದಲ್ವಾ, ಇದಕ್ಕೆ ಆ ಅಭ್ಯಾಸ ಬೇಡ.

ಅನ್ನ ಇನ್ನೂ ಬೆಚ್ಚಗಿರುವಾಗಲೇ ನಿಂಬೆರಸ, ಸ್ವಲ್ಪ ಎಣ್ಣೆ, ಕುಟ್ಟಿದ ಜೀರಿಗೆ, ಮೆಣಸಿನ ಪುಡಿ ಕಲಸಿದರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ತಣ್ಣಗಾದ ಮೇಲೆ ಉಪ್ಪು ಹುಳಿ ನಾಲಿಗೆಗೆ ಕಮ್ಮಿ ಅನಿಸುತ್ತದೆ, ಅದಕ್ಕೇ ಒಂಚೂರು ಜಾಸ್ತಿಯೇ ಇರಲಿ. ಕೋಳಿಯನ್ನು ಕೈಯಲ್ಲೇ ಎಳೆ ಎಳೆಯಾಗಿ ಬಿಡಿಸಿ, ಅದನ್ನೂ ಆರಿಸಿ ಫ್ರಿಜ್‌ಗೆ ಇಡು. ಸೌತೆಕಾಯಿ ನೀರು ಬಿಡುತ್ತದೆ, ಹುರಿದ ಕಡಲೆಬೀಜ ಮೆತ್ತಗಾಗುತ್ತದೆ, ಹಾಗಾಗಿ ಎರಡನ್ನೂ ಬಡಿಸುವಾಗ ಹಾಕು. ತುರಿದ ತೋತಾಪುರಿ ಮಾವು, ಪುದೀನ, ಕೊತ್ತಂಬರಿಯೂ ಆಗಲೇ. ಇಲ್ಲಿ ತೋತಾಪುರಿ ಸಿಗುವುದಿಲ್ಲ, ನಾನು ಹುಳಿ ಸೇಬು ಹಾಕಿಕೊಳ್ಳುತ್ತೇನೆ, ಆ ರುಚಿ ಎಲ್ಲಿ ಬರಬೇಕು. ಸೋನಾ ಮಸೂರಿ ಫ್ರಿಜ್‌ನಲ್ಲಿ ಗಟ್ಟಿಯಾಗುತ್ತದೆ, ತಿನ್ನುವ ಹತ್ತು ನಿಮಿಷ ಮುಂಚೆ ಆಚೆ ತೆಗೆ.

ಶಾಲೆ ಡಬ್ಬಿಗೆ ಮಾತ್ರ ಇದು ಬೇಡ, ಮಧ್ಯಾಹ್ನದವರೆಗೆ ಬ್ಯಾಗಿನಲ್ಲಿ ಬೆಚ್ಚಗಾಗುತ್ತದೆ. ಕರೆಂಟ್ ಹೋಗಿ ನಾಲ್ಕು ಗಂಟೆ ಫ್ರಿಜ್ ನಿಂತಿದ್ದರೆ ಯೋಚನೆ ಮಾಡದೆ ಚೆಲ್ಲಿಬಿಡು.

ಮಾಡಿದರೆ ಫೋಟೊ ಕಳಿಸು, ಭಾವ ಎರಡನೇ ಸಲ ಹಾಕಿಸಿಕೊಂಡರಾ ಅಂತಲೂ ಬರಿ. ಸಾರಿನ ಪುಡಿ ಮುಗಿಯುತ್ತಾ ಬಂತು, ಈ ಕಡೆ ಬರುವವರು ಯಾರಾದರೂ ಇದ್ದರೆ ಕೊಟ್ಟು ಕಳಿಸು.

ನಿನ್ನ ತಮ್ಮ