ಕಂಬ ನೆಡುವ ಮೊದಲು ಪಹಣಿ ಸರಿ ಮಾಡಿ

ಮಾನ್ಯ ಸಂಪಾದಕರೇ,

ಚೆನ್ನೈ–ಬೆಂಗಳೂರು–ಮೈಸೂರು ಹೈಸ್ಪೀಡ್ ರೈಲು ನಮ್ಮ ಕೋಲಾರ ಜಿಲ್ಲೆ ಮೇಲೆ ಹಾದು ಹೋಗುತ್ತದೆ ಅನ್ನುವ ಸುದ್ದಿ ಬಂದಾಗಿನಿಂದ ನಮ್ಮೂರ ಹಾಲಿನ ಡೇರಿ ಮುಂದೆ ಬೇರೆ ಮಾತೇ ಇಲ್ಲ. ಯಾರೋ ಫೋನ್ ತೆಗೆದು ಒಂದು ನಕ್ಷೆ ತೋರಿಸುತ್ತಾರೆ. "ನೋಡು, ಗೆರೆ ನಿನ್ನ ಮಾವಿನ ತೋಪಿನ ಮೇಲೇ ಬಂದಿದೆ" ಅನ್ನುತ್ತಾರೆ. ಆ ನಕ್ಷೆ ಕೊಟ್ಟವರು ಯಾರು ಅಂದರೆ ಉತ್ತರ ಇಲ್ಲ. ಆದರೆ ತೋಪಿನವನಿಗೆ ಅವತ್ತು ರಾತ್ರಿ ನಿದ್ದೆ ಬರಲ್ಲ.

ಇಂಥವರು ಆಕ್ಷೇಪಣೆ ಎತ್ತಿದರೆ ಅಭಿವೃದ್ಧಿ ವಿರೋಧಿಗಳು ಅಂತ ಸುಮ್ನೆ ತಳ್ಳಿಹಾಕುತ್ತಾರೆ. ಟ್ರೈನ್ ಬೇಡ ಅಂತ ಈ ಕಡೆಯವರು ಹೇಗೆ ಹೇಳಿಯಾರು? 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿರುವುದೇ ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಟ್ರೈನ್‌ಗಳಿಂದ. (ಆ ಪಾಸಿನವರು ಗಂಟೆಗೆ 300 ಕಿ.ಮೀ. ಓಡುವ ಗಾಡಿಗೆ ಟಿಕೆಟ್ ತೆಗೆಯುವಷ್ಟು ದುಡಿಯುತ್ತಾರಾ ಅನ್ನುವುದು ಬೇರೆ ಮಾತು.) ನನ್ನ ತಕರಾರು ಟ್ರೈನ್ ಮೇಲಲ್ಲ, ಪಹಣಿ ಮೇಲೆ, ಅಂದರೆ ಜಮೀನು ಯಾರದು ಅಂತ ಹೇಳುವ ದಾಖಲೆ ಮೇಲೆ.

ಕೆಲವು ವರ್ಷದ ಹಿಂದೆ ನಮ್ಮೂರ ಪಕ್ಕ ಒಂದು ದೊಡ್ಡ ರಸ್ತೆಗೆ ಜಮೀನು ಹೋಯಿತು. ನಮ್ಮ ಚಿಕ್ಕಪ್ಪನದು 28 ಗುಂಟೆ. ಉಳುಮೆ ಅವರದು, ಪಹಣಿ ಮಾತ್ರ ಇನ್ನೂ ನಮ್ಮ ತಾತನ ಹೆಸರಲ್ಲಿ. ತಾತ ತೀರಿಕೊಂಡು ಮೂವತ್ತು ವರ್ಷ ದಾಟಿತ್ತು. ಪೌತಿ ಖಾತೆ ಮಾಡಿಸೋಣ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸೋಣ ಅಂತ ವಂಶವೃಕ್ಷ ಹಿಡಿದು ಅಲೆಯುವಷ್ಟರಲ್ಲಿ ಮುಂಬೈ ಕಡೆ ಸೇರಿಕೊಂಡ ಅತ್ತೆಯ ಮಕ್ಕಳ ಸಹಿ ಬೇಕು ಅಂದರು. ಸಹಿ ಬರಲಿಲ್ಲ, ದುಡ್ಡು ಕೋರ್ಟಿನಲ್ಲಿ ಡಿಪಾಸಿಟ್ ಆಯಿತು. ಇವತ್ತಿಗೂ ಅಲ್ಲೇ ಇದೆ. ಜಮೀನು ಹೋದದ್ದು ಮಾತ್ರ ಒಂದೇ ಬೆಳಗಿನಲ್ಲಿ, ಜೆಸಿಬಿ ಬಂದು.

ಪಕ್ಕದ ಜಮೀನಿನವರದು ಇನ್ನೊಂದು ಕಥೆ. ಅದು ದರಖಾಸ್ತು ಜಮೀನು, ಅಂದರೆ ಅರ್ಜಿ ಹಾಕಿ ಸರ್ಕಾರದಿಂದ ಮಂಜೂರಾದದ್ದು. ಪೋಡಿ ಆಗಿಲ್ಲ, ಅಂದರೆ ಅಳೆದು ತುಂಡು ತುಂಡಿಗೆ ಬೇರೆ ನಂಬರ್ ಕೊಟ್ಟಿಲ್ಲ. ಒಂದೇ ಸರ್ವೆ ನಂಬರ್, ಅದಕ್ಕೆ ಪಿ1, ಪಿ2 ಅಂತ ಬಾಲ. ಯಾರ ತುಂಡು ಎಲ್ಲಿದೆ ಅಂತ ಹದ್ದುಬಸ್ತಿನ ಕಲ್ಲೂ ಇಲ್ಲ, ಸ್ಕೆಚ್ಚೂ ಇಲ್ಲ. ರಸ್ತೆ ಹೋದದ್ದು ನಿನ್ನ ತುಂಡಿನ ಮೇಲಾ, ನಿನ್ನ ಅಣ್ಣನ ತುಂಡಿನ ಮೇಲಾ ಅಂತ ಕೇಳಿದರು. ಅಲ್ಲಿಯವರೆಗೆ ಒಂದೇ ಬೋರಿನ ನೀರು ಹಂಚಿಕೊಂಡು ಟೊಮೆಟೊ ಬೆಳೆಯುತ್ತಿದ್ದ ಅಣ್ಣತಮ್ಮಂದಿರು ಈಗ ಮಾತಾಡಲ್ಲ. ಆ ಬೋರು 1,300 ಅಡಿ. ಮೂರು ಕಡೆ ಕೊರೆದು ನಾಲ್ಕನೇದರಲ್ಲಿ ನೀರು ಕಂಡದ್ದು. ಪರಿಹಾರದ ಪಟ್ಟಿಯಲ್ಲಿ ಇದ್ದದ್ದು "ಕೊಳವೆ ಬಾವಿ – 1" ಅಂತ ಅಷ್ಟೇ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆಯಲ್ಲಿ ಒಣಗಿದ ಆ ಮೂರು ಗುಂಡಿಯೂ ಸಾಲದ ಲೆಕ್ಕವೇ ಅಲ್ವಾ?

ಈಗ ಕಾನೂನು ನೋಡಿ. ರೈಲ್ವೆ ಕಾಯ್ದೆಯಡಿ ಜಮೀನು ತೆಗೆದುಕೊಂಡರೆ ಅಧಿಸೂಚನೆ ಹೊರಟ ದಿನದಿಂದ ಆಕ್ಷೇಪಣೆಗೆ 30 ದಿನ. 2013ರ ಭೂಸ್ವಾಧೀನ ಕಾಯ್ದೆ ಹಿಡಿದರೆ 60 ದಿನ. ನಮ್ಮ ಕಡೆ ಒಂದು ಪೌತಿ ಖಾತೆಯೂ ತಕರಾರಿದ್ದರೆ ಅಷ್ಟರಲ್ಲಿ ಮುಗಿಯಲ್ಲ, ಪೋಡಿಯಂತೂ ಕೇಳಲೇಬೇಡಿ. ರೈಲ್ವೆ ಅಧಿಸೂಚನೆಯ ಸಾರಾಂಶ ಎರಡು ಸ್ಥಳೀಯ ಪತ್ರಿಕೆಯಲ್ಲಿ ಬರಬೇಕು, ಒಂದಾದರೂ ನಮ್ಮ ಭಾಷೆಯದಾಗಿರಬೇಕು. ಬರುತ್ತದೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಡೇರಿ ಮುಂದೆ ಅದನ್ನು ಓದುವವರು ಯಾರು?

ಹೈಸ್ಪೀಡ್ ರೈಲು ಬಹುಪಾಲು ಕಂಬಗಳ ಮೇಲೆ ಹೋಗುತ್ತದೆ, 17.5 ಮೀಟರ್ ಅಗಲ ಸಾಕು, ಹೆದ್ದಾರಿಯಷ್ಟು ಜಾಗ ಬೇಡ ಅನ್ನುತ್ತಾರೆ. ಒಪ್ಪೋಣ. ಆದರೆ ಒಂದು ಎಕರೆ ಇರುವವನ ನಟ್ಟನಡುವೆ 17.5 ಮೀಟರ್ ಹೋದರೆ ಅವನಿಗೆ ಉಳಿಯುವುದು ಎರಡು ಪಟ್ಟಿ. ಮುಂಬೈ–ಅಹಮದಾಬಾದ್ ಮಾರ್ಗಕ್ಕೆ 2017ರ ಸೆಪ್ಟೆಂಬರ್‌ನಲ್ಲಿ ಅಡಿಗಲ್ಲು ಹಾಕಿದರು. ಜಮೀನು ಪೂರ್ತಿ ಸಿಕ್ಕಿತು ಅಂತ ಸರ್ಕಾರ ಹೇಳಿದ್ದು 2024ರ ಜನವರಿಯಲ್ಲಿ. ಅಡಿಗಲ್ಲಿನ ಆತುರ ಯಾರಿಗೆ ಲಾಭ ಮಾಡಿತು?

ಹಾಗಾಗಿ ನಾನು ಕೇಳುವುದು ಇಷ್ಟು. ಮಾರ್ಗ ಗೊತ್ತಾದ ಕೂಡಲೇ, ಅಧಿಸೂಚನೆಗೆ ಮುಂಚೆ, ಆ ಗೆರೆ ಬೀಳುವ ಪ್ರತಿ ಊರಿಗೂ ಸರ್ವೇಯರು, ತಹಶೀಲ್ದಾರರು ಬಂದು ಕೂರಲಿ. ಪೌತಿ ಖಾತೆ, ಪೋಡಿ ಅಲ್ಲೇ ಮುಗಿಸಿಕೊಡಲಿ. ಸರ್ವೆ ನಂಬರ್ ಸಮೇತ ಕನ್ನಡದ ನಕ್ಷೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸಲಿ, ಫೋನಿನ ನಕ್ಷೆಗಳ ಕಾಟವಾದರೂ ತಪ್ಪುತ್ತದೆ. ಬೋರಿನ ಆಳ, ಮಾವಿನ ಮರದ ವಯಸ್ಸು ಮಾಲೀಕನ ಎದುರಿಗೇ ಬರೆದುಕೊಳ್ಳಲಿ.

ನಮ್ಮ ಚಿಕ್ಕಪ್ಪನಿಗೆ ಈಗ 74. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ಕೇಸು ಎಲ್ಲಿಗೆ ಬಂತು ಅಂತ ಕೇಳಿಕೊಂಡು ಬರುತ್ತಾರೆ. ಕೇಸ್ ನಂಬರ್ ನನ್ನ ಹತ್ತಿರ ಇದೆ. ಹೊಸ ರೈಲಿಗೆ ಜಮೀನು ಅಳೆಯಲು ಬರುವ ಸಾಹೇಬರು ಯಾರಾದರೂ ಕೇಳಿದರೆ ಕೊಡುತ್ತೇನೆ.

– ಒಬ್ಬ ರೈತ, ಬಂಗಾರಪೇಟೆ ತಾಲ್ಲೂಕು, ಕೋಲಾರ ಜಿಲ್ಲೆ